ಕಿವಿಗೆ ಸುಣ್ಣ

ಶಿವರಾತ್ರಿ ಮುಗಿದ ವಾರವದು. ರಾತ್ರಿ ಎರಡು ಗಂಟೆಗೆ ಎಚ್ಚರವಾದಾಗ ಮಲಗುವ ಕೋಣೆಯಲ್ಲಿ ಜೀರುಂಡೆ ಕೂಗುತ್ತಿತ್ತು. ನಾನು ಹುಟ್ಟಿ ಬೆಳೆದದ್ದು ಸಾಗರದ ಕಡೆಯ ಅಡಿಕೆ ತೋಟದಲ್ಲಿ. ಜೀರುಂಡೆಯ ರಾಗ ನನಗೆ ಹೊಸದಲ್ಲ. ಆದರೆ ಮೈಸೂರಿನ ಈ ಸಿಮೆಂಟು ಮನೆಗೆ ಅದು ಯಾವ ಬಸ್ಸು ಹತ್ತಿ ಬಂತು? ಟಾರ್ಚ್ ಬಿಟ್ಟು ಮಂಚದಡಿ ನೋಡಿದೆ. ಬೀರು ಸರಿಸಿದೆ. ಆಮೇಲೆ ಅನುಮಾನ ಫ್ಯಾನಿನ ಮೇಲೆ, ಯುಪಿಎಸ್ ಮೇಲೆ, ಫ್ರಿಜ್ಜಿನ ಮೇಲೆ ಹೋಯಿತು. ಒಂದೊಂದನ್ನೇ ಆರಿಸಿದೆ. ಕೊನೆಗೆ ಮೇನ್ ಸ್ವಿಚ್ಚನ್ನೂ ಕೆಳಗೆಳೆದೆ. ಮನೆಯೆಲ್ಲ ಗವ್ವೆನ್ನುವ ಕತ್ತಲು, ಒಂದು ಸೊಲ್ಲಿಲ್ಲ. ಜೀರುಂಡೆ ಮಾತ್ರ ಈಗ ಗಂಟಲು ಬಿಚ್ಚಿ ಹಾಡತೊಡಗಿತು.

"ನಿಂಗೇನಾದ್ರೂ ಕೇಳಿಸ್ತಿದೆಯೇನೇ?" ಎಂದು ಹೆಂಡತಿಯನ್ನು ಎಬ್ಬಿಸಿದೆ.

"ನೀವು ಬೀರು ಎಳೆದದ್ದು ಬಿಟ್ರೆ ಇನ್ನೇನೂ ಇಲ್ಲ ಕಣ್ರೀ" ಎಂದು ಆಕೆ ಮಗ್ಗುಲು ಬದಲಿಸಿದಳು.

ಆಗ ಹೊಳೆಯಿತು. ಜೀರುಂಡೆ ಇರುವುದು ಕೋಣೆಯಲ್ಲಲ್ಲ, ನನ್ನ ಕಿವಿಯಲ್ಲಿ. ಮೇನ್ ಸ್ವಿಚ್ ಹಾಕಿ ಮಲಗಿದೆ. ಫ್ರಿಜ್ಜಿನ ಸ್ವಿಚ್ ಮರೆತೆ. ಮರುದಿನ ಮಧ್ಯಾಹ್ನದ ಹೊತ್ತಿಗೆ ಹಾಲು ಒಡೆದಿತ್ತು, ದೋಸೆ ಹಿಟ್ಟು ಉಕ್ಕಿ ತರಕಾರಿ ಟ್ರೇಗೆ ಇಳಿದಿತ್ತು. ನನ್ನ ಕಾಯಿಲೆಯ ಮೊದಲ ಖರ್ಚು ಅದು.

ಊರಿನಿಂದ ಬಂದ ಭಾವನವರು ಕಣ್ಣು ಮುಚ್ಚಿ ನನ್ನ ಕಥೆ ಕೇಳಿದರು. "ಇದು ಅನಾಹತ ನಾದ ಮಾರಾಯ" ಎಂದರು. ಹಠಯೋಗ ಪ್ರದೀಪಿಕೆಯ ಪ್ರಕಾರ ಸಾಧಕನಿಗೆ ಮೊದಲು ಕಡಲು, ಗುಡುಗು, ಭೇರಿ ಕೇಳಿಸುತ್ತವಂತೆ. ಆಮೇಲೆ ಶಂಖ, ಗಂಟೆ. ಕೊಳಲು, ವೀಣೆ, ದುಂಬಿಯ ಝೇಂಕಾರ ತೀರಾ ಕಡೆಗೆ. ನನಗೆ ನೇರವಾಗಿ ಹುಳುವೇ ಕೇಳಿಸಿದ್ದರಿಂದ ಪ್ರೈಮರಿ ಓದದೆ ಡಿಗ್ರಿ ಸಿಕ್ಕಿದಂತಾಗಿದೆ ಎಂದು ಅಭಿನಂದಿಸಿದರು. ಎರಡು ದಿನ ನಾನೂ ಸ್ವಲ್ಪ ಗಂಭೀರವಾಗಿ ಓಡಾಡಿದೆ.

ಮೂರನೆಯ ದಿನ ಬೆಳಿಗ್ಗೆ ಅಲಾರಂ ಆರಿಸಲು ಎಡಕ್ಕೆ ಹೊರಳಿದೆ ನೋಡಿ, ಲೋಕವೇ ಗಿರ್ರೆಂದಿತು. ಫ್ಯಾನು ನಿಂತಿತ್ತು, ಸೂರು ಸುತ್ತುತ್ತಿತ್ತು. ಮಂಚದ ಸರಳು ಹಿಡಿದು ಕಣ್ಣು ಮುಚ್ಚಿದೆ. ಅರ್ಧ ನಿಮಿಷದಲ್ಲಿ ಎಲ್ಲ ನಿಂತಿತು. ಮತ್ತೆ ಹೊರಳಿದರೆ ಮತ್ತೆ ಜಾತ್ರೆಯ ತೊಟ್ಟಿಲು.

"ಪಿತ್ತ ನೆತ್ತಿಗೇರಿದೆ" ಎಂದು ಮನೆಯಲ್ಲಿ ತೀರ್ಪಾಯಿತು. ಜೀರಿಗೆ ಕಷಾಯ ಬಂತು. ಪಕ್ಕದ ಮನೆಯವರು ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ತಂದುಕೊಟ್ಟರು. ಕಿವಿಗೆ ಬಿಟ್ಟುಕೊಂಡದ್ದಕ್ಕೆ ಒಗ್ಗರಣೆಯ ವಾಸನೆ ಬಂತೇ ಹೊರತು ಜೀರುಂಡೆ ಜಗ್ಗಲಿಲ್ಲ. ಒಬ್ಬ ವೈದ್ಯರು ಕತ್ತಿನ ಮೂಳೆ ಸವೆದಿದೆ ಎಂದು ಪಟ್ಟಿ ಕಟ್ಟಿಸಿದರು. ಆ ಪಟ್ಟಿ ತೊಟ್ಟು ಒಂದು ಮದುವೆಗೆ ಹೋದೆ. ಕತ್ತು ಬಗ್ಗದೆ ಎಲೆಯಲ್ಲಿ ಏನು ಬಡಿಸಿದ್ದಾರೆಂದು ಕಾಣದು. ಹೋಳಿಗೆ ಎಂದು ಕೈ ಹಾಕಿದ್ದು ಉಪ್ಪಿನಕಾಯಿಯಾಗಿತ್ತು. ಕೊನೆಗೆ ಎಂಆರ್‌ಐ ಕೂಡ ಆಯಿತು. ಆ ಯಂತ್ರದ ಡಬಡಬ ಸದ್ದಿನೊಳಗೆ ನನ್ನ ಜೀರುಂಡೆ ಮೊದಲ ಬಾರಿ ಸೋತು ಸುಮ್ಮನಾಯಿತು. ಇನ್ನಷ್ಟು ಹೊತ್ತು ಅಲ್ಲೇ ಮಲಗಿರೋಣ ಅನ್ನಿಸಿತ್ತು.

ಹೀಗೆ ಎರಡು ತಿಂಗಳು ಕಳೆದ ಮೇಲೆ ಕಿವಿ-ಮೂಗು-ಗಂಟಲಿನ ವೈದ್ಯೆಯೊಬ್ಬರ ಬಳಿ ಹೋದೆ. ನನ್ನ ಹಳೆಯ ಶಿಷ್ಯೆಯರ ವಯಸ್ಸಿನ ಹುಡುಗಿ. ಮಂಚದ ಮೇಲೆ ಕೂರಿಸಿ, ತಲೆಯನ್ನು ಎಡಕ್ಕೆ ತಿರುಗಿಸಿ, ಸರಕ್ಕನೆ ಹಿಂದಕ್ಕೆ ಮಲಗಿಸಿದರು. ಕತ್ತು ಮಂಚದಂಚಿನಾಚೆ ಜೋತುಬಿತ್ತು, ಲೋಕ ಗಿರ್ರೆಂದಿತು, ನಾನು ಕುಲದೇವರನ್ನು ಕೂಗಿದೆ. ವೈದ್ಯೆ ಮಾತ್ರ ಅದುರುತ್ತಿದ್ದ ನನ್ನ ಕಣ್ಣುಗುಡ್ಡೆಗಳನ್ನೇ ನೋಡುತ್ತಾ, "ಸಿಕ್ತು ಸರ್!" ಎಂದು ಖುಷಿಪಟ್ಟರು.

ಸಿಕ್ಕಿದ್ದು ಸುಣ್ಣ. ಒಳಗಿವಿಯಲ್ಲಿ ಸಮತೋಲ ಕಾಯಲೆಂದು ಕ್ಯಾಲ್ಸಿಯಂ ಕಾರ್ಬೊನೇಟಿನ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳಿರುತ್ತವಂತೆ. ಗೋಡೆಗೆ ಬಳಿದು ಒಣಗಿದ ಸುಣ್ಣವೂ ಅದೇ ವಸ್ತು. ವಯಸ್ಸಾದಂತೆ ಕೆಲವು ಹರಳು ಜಾಗ ಬಿಟ್ಟು ಪಕ್ಕದ ಅರ್ಧವೃತ್ತ ನಾಳಕ್ಕೆ ಇಳಿಯುತ್ತವೆ. ತಲೆ ಹೊರಳಿಸಿದಾಗ ಅವು ಉರುಳಿ, ತಿರುಗದ ತಲೆಯನ್ನೂ ತಿರುಗುತ್ತಿದೆಯೆಂದು ಮಿದುಳಿಗೆ ಚಾಡಿ ಹೇಳುತ್ತವೆ. ಅಂಥ ನಾಳಗಳು ಪ್ರತಿ ಕಿವಿಯಲ್ಲೂ ಮೂರು, ಒಂದಕ್ಕೊಂದು ಲಂಬವಾಗಿ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಲಂಬಕೋನ ಪಾಠ ಮಾಡಿದವನು ನಾನು; ಆ ಚಿತ್ರವನ್ನು ಕಿವಿಯೊಳಗೇ ಇಟ್ಟುಕೊಂಡು ತಿರುಗುತ್ತಿದ್ದೇನೆಂದು ಗೊತ್ತಿರಲಿಲ್ಲ. ದೇವರು ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಇಡುತ್ತಾನೆಂದು ಕೇಳಿದ್ದೆ. ನನಗೆ ಕಿವಿಗೇ ಇಟ್ಟಿದ್ದ.

ಚಿಕಿತ್ಸೆಗೆ ಮಾತ್ರೆಯಿಲ್ಲ, ಸೂಜಿಯಿಲ್ಲ. ಜಾತ್ರೆಯಲ್ಲಿ ಮಾರುವ ಗಾಜಿನ ಮುಚ್ಚಳದ ಡಬ್ಬಿ ನೆನಪಿದೆಯೇ? ಓಲಾಡಿಸುತ್ತಾ ಸಣ್ಣ ಗುಂಡನ್ನು ಗುಳಿಗೆ ಬೀಳಿಸುವ ಆಟ. ವೈದ್ಯೆ ನನ್ನ ತಲೆಯನ್ನು ಹಾಗೆಯೇ ಆಡಿಸಿದರು. ಎಡಕ್ಕೆ ತಿರುಗಿಸಿ ಅರ್ಧ ನಿಮಿಷ, ಬಲಕ್ಕೆ ಹೊರಳಿಸಿ ಅರ್ಧ ನಿಮಿಷ, ಮಗ್ಗುಲಾಗಿಸಿ ಮೂಗು ನೆಲಕ್ಕೆ ಮಾಡಿ ಅರ್ಧ ನಿಮಿಷ, ಆಮೇಲೆ ಎಬ್ಬಿಸಿ ಕೂರಿಸಿದ್ದು. ಅಮೆರಿಕದ ಪೋರ್ಟ್‌ಲ್ಯಾಂಡಿನ ಜಾನ್ ಎಪ್ಲಿ ಎಂಬ ವೈದ್ಯ 1980ರಲ್ಲಿ ಇದನ್ನು ಮಾಡಿ ತೋರಿಸಿದಾಗ ಸಹೋದ್ಯೋಗಿಗಳು ನಕ್ಕರಂತೆ. ಲೇಖನ ಅಚ್ಚಾಗಲು 1992 ಬರಬೇಕಾಯಿತು. ನಕ್ಕವರದೇನು ತಪ್ಪು? ಎರಡು ತಿಂಗಳ ತಲೆಸುತ್ತು ಐದು ನಿಮಿಷದ ಹೊರಳಾಟಕ್ಕೆ ಹೋಗುತ್ತದೆಂದರೆ ನಮ್ಮ ಭಾವನವರೂ ನಂಬಲಿಲ್ಲ. ವಾರ ಬಿಟ್ಟು ಇನ್ನೊಮ್ಮೆ ಹೊರಳಿಸಿಕೊಂಡೆ. ಆಮೇಲೆ ಸೂರು ಸುತ್ತಿಲ್ಲ.

"ಮತ್ತೆ ಜೀರುಂಡೆ?" ಎಂದೆ. "ಅದು ಬೇರೆ ಕೇಸು ಸರ್. ಕಿವಿ ಪರೀಕ್ಷೆ ಮಾಡಿಸಿ" ಎಂದು ಚೀಟಿ ಬರೆದುಕೊಟ್ಟರು. ಆಟೋದವರು 'ಸ್ಪೀಚ್ ಅಂಡ್ ಹಿಯರಿಂಗ್' ಎನ್ನುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲಿದೆ; 1965ರಲ್ಲಿ ಶುರುವಾದದ್ದು. ದೇಶದ ಮೂಲೆಮೂಲೆಯಿಂದ ಜನ ಅಲ್ಲಿಗೆ ಬರುತ್ತಾರೆ. ಅದೇ ಊರಿನ ನಾನು ಕಷಾಯ ಕುಡಿಯುತ್ತಾ ಕೂತಿದ್ದೆ. ಸದ್ದು ಹೊಗದ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ, ಕೀರಲು ಶಬ್ದ ಕೇಳಿದಾಗಲೆಲ್ಲ ಬಟನ್ ಒತ್ತಲು ಹೇಳಿದರು. ನನಗೋ ಕೂತ ಕ್ಷಣದಿಂದಲೇ ಕೇಳಿಸುತ್ತಿದೆ. ಒತ್ತಿದೆ, ಒತ್ತಿದೆ. ಗಾಜಿನಾಚೆಯ ಹುಡುಗಿ ಬಾಗಿಲು ತೆರೆದು, "ಸರ್, ನಾನಿನ್ನೂ ಶುರುವೇ ಮಾಡಿಲ್ಲ" ಎಂದಳು. ಪ್ರಶ್ನೆಪತ್ರಿಕೆ ಕೊಡುವ ಮೊದಲೇ ಉತ್ತರ ಬರೆದ ಹುಡುಗನಂತೆ ಸಿಕ್ಕಿಬಿದ್ದೆ.

ಕಡೆಗೆ ಬಂದ ಗ್ರಾಫ್ 4000 ಹರ್ಟ್ಸ್ ಹತ್ತಿರವಾಗುತ್ತಲೇ ಚಾಮುಂಡಿ ಬೆಟ್ಟದ ಮೆಟ್ಟಿಲಿನಂತೆ ಇಳಿದಿತ್ತು. ಕಿವಿ ತಲುಪಿಸದ ಕೀರಲು ಶಬ್ದಗಳಿಗಾಗಿ ಮಿದುಳು ವಾಲ್ಯೂಮ್ ಏರಿಸುತ್ತದೆ. ಸ್ಟೇಷನ್ ಸಿಗದ ರೇಡಿಯೋದ ಕಿವಿ ಹಿಂಡಿದರೆ ಕರಕರ ಬರುವುದಿಲ್ಲವೇ, ಹಾಗೆ. ಕಿವಿಯ ಹಿಂದೆ ಕೂರುವ ಯಂತ್ರ ಕೊಟ್ಟರು. ರಾತ್ರಿ ಪೂರ್ತಿ ನಿಶ್ಶಬ್ದ ಬೇಡ, ಫ್ಯಾನ್ ತಿರುಗುತ್ತಿರಲಿ ಎಂದರು. ಎಲ್ಲಕ್ಕಿಂತ ಮುಖ್ಯ, ಜೀರುಂಡೆಯನ್ನು ಹುಡುಕಿಕೊಂಡು ಹೋಗಿ ಕೇಳಬೇಡಿ ಎಂದರು.

ಯಂತ್ರ ಹಾಕಿದ ದಿನ ಒಗ್ಗರಣೆಯ ಸಾಸಿವೆ ಸಿಡಿದದ್ದು, ನನ್ನ ಚಪ್ಪಲಿಯ ಚರಚರ, ಅಡುಗೆಮನೆಯಲ್ಲಿ ನನ್ನ ಬಗ್ಗೆ ನಡೆಯುವ ಮಾತು ಎಲ್ಲವೂ ಕೇಳಿಸಿತು. ಕೊನೆಯದಕ್ಕೆ ಚಿಕಿತ್ಸೆ ಇಲ್ಲವಂತೆ.

ಜೀರುಂಡೆಯ ವಿಷಯಕ್ಕೆ ಮೇಷ್ಟ್ರುಗಿರಿಯೇ ನೆರವಿಗೆ ಬಂತು. ತರಗತಿ ಗದ್ದಲ ಮಾಡಿದಾಗ 'ಸೈಲೆನ್ಸ್' ಎಂದು ಮೇಜು ಕುಟ್ಟುವವನು ಹೊಸ ಮೇಷ್ಟ್ರು. ಕುಟ್ಟಿದಷ್ಟೂ ಗದ್ದಲ ಏರುತ್ತದೆ. ಹಳಬ ಸುಮ್ಮನೆ ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತಾನೆ. ಈಗ ಆರು ತಿಂಗಳಿಂದ ನಾನು ಲೆಕ್ಕ ಬರೆಯುತ್ತಿದ್ದೇನೆ. ಹಿಂದಿನ ಬೆಂಚಿನಲ್ಲಿ ಜೀರುಂಡೆ ಇನ್ನೂ ಇದೆ. ಹಾಜರಿ ಕೂಗಿದರೆ ತಟ್ಟನೆ 'ಎಸ್ ಸಾರ್' ಎನ್ನುತ್ತದೆ. ಕೂಗದಿದ್ದರೆ ದಿನವಿಡೀ ಅದರ ನೆನಪಿರುವುದಿಲ್ಲ.

ನಿಮಗೂ ಹಾಸಿಗೆಯಲ್ಲಿ ಹೊರಳಿದಾಗ ಲೋಕ ತಿರುಗಿದರೆ ಪಿತ್ತವನ್ನು ಬೈಯುತ್ತಾ ಕೂರಬೇಡಿ, ಕಿವಿಯ ವೈದ್ಯರಿಗೆ ತೋರಿಸಿ. ಜೊತೆಗೆ ಮಾತು ತೊದಲಿದರೆ, ಕೈಕಾಲು ಸೋತರೆ ಅದು ಕಿವಿಯ ಮಾತಲ್ಲ, ಕೂಡಲೇ ದೊಡ್ಡಾಸ್ಪತ್ರೆಗೆ ಓಡಿ. ಮತ್ತೆ, ನಡುರಾತ್ರಿ ಜೀರುಂಡೆ ಕೂಗಿದರೆ ಏನು ಬೇಕಾದರೂ ಆರಿಸಿ, ಫ್ರಿಜ್ ಮಾತ್ರ ಮುಟ್ಟಬೇಡಿ.