ಗಾಡಿ ಕೆಳಗಿನ ತನಕ ಬಿಡಲ್ವಾ?

ಬೆಂಗಳೂರಿನಿಂದ ಮಡಿಕೇರಿ ಹತ್ತಿರ ಹತ್ತಿರ 260 ಕಿಲೋಮೀಟರ್. ಆ ದೂರದ ಬಗ್ಗೆ ನಮ್ಮವರ ತಕರಾರೇನಿಲ್ಲ. ಎಕ್ಸ್‌ಪ್ರೆಸ್‌ವೇ ಬಿಟ್ಟು ತಟ್ಟೆ ಇಡ್ಲಿಗೆಂದು ಬಿಡದಿಗೆ ಇಳಿಯುತ್ತಾರೆ, ವಡೆಗೆಂದು ಮದ್ದೂರಿಗೆ. ಬೈಲುಕುಪ್ಪೆಯಲ್ಲಿ ಬುದ್ಧನ ಮುಂದೆ ಎರಡು ನಿಮಿಷ, ಮೊಮೊ ಮುಂದೆ ಮುಕ್ಕಾಲು ಗಂಟೆ. ಮಡಿಕೇರಿಯಿಂದ ಅಬ್ಬಿ ಜಲಪಾತಕ್ಕೆ ಇನ್ನೊಂದು ಏಳೆಂಟು ಕಿಲೋಮೀಟರ್. ಅದೂ ಕಾರಲ್ಲೇ ಕಳೆಯುತ್ತದೆ. ಸಂಕಟವೆಲ್ಲ ಕಾರು ನಿಂತ ಮೇಲೆ.

ಯಾಕೆಂದರೆ ಅಲ್ಲಿಂದ ಮುಂದೆ ನಡೀಬೇಕು. ಕಾಫಿ ತೋಟದ ನಡುವೆ, ಮೆಟ್ಟಿಲಿಳಿದು, ಹೆಚ್ಚೆಂದರೆ ಹತ್ತು ನಿಮಿಷ. "ಗಾಡಿ ಕೆಳಗಿನ ತನಕ ಬಿಡಲ್ವಾ?" ಎಂಬ ಪ್ರಶ್ನೆಯನ್ನು ಪಾರ್ಕಿಂಗ್ ಹುಡುಗ ಅದೆಷ್ಟು ಸಲ ಕೇಳಿಸಿಕೊಂಡಿದ್ದಾನೋ, ಈಗೀಗ ಬಾಯೇ ತೆರೆಯುವುದಿಲ್ಲ, ಚೀಟಿ ಹರಿದು ಕೈಗಿಡುತ್ತಾನೆ. ಕೇಳುವವರಾದರೂ ಯಾರು? ತಿಂಗಳಿಗಿಷ್ಟೆಂದು ದುಡ್ಡು ಕಟ್ಟಿ, ಗೋಡೆ ನೋಡುತ್ತ, ಟ್ರೆಡ್‌ಮಿಲ್ ಮೇಲೆ ನಿಂತಲ್ಲೇ ನಡೆಯುವ ಮಹನೀಯರು. ಕೈಗಡಿಯಾರ ಹೆಜ್ಜೆ ಎಣಿಸುತ್ತಿದೆ, ಯಜಮಾನರು ಮೆಟ್ಟಿಲು ಎಣಿಸುತ್ತಿದ್ದಾರೆ. ಹತ್ತಿ ಬರುವವರನ್ನು ನಿಲ್ಲಿಸಿ ವಿಚಾರಣೆ ಬೇರೆ: "ನೀರಿದೆಯಾ ಸಾರ್? ಹೋದ್ರೆ ಲಾಸ್ ಇಲ್ಲ ತಾನೇ?" ಏದುಸಿರಿನಲ್ಲಿರುವ ಆ ಮನುಷ್ಯ ಸುಮ್ಮನೆ ಕೈಯಲ್ಲಾಡಿಸಿದರೂ ಸಾಕು, ಅರ್ಧ ಕುಟುಂಬ ಚುರುಮುರಿ ಗಾಡಿಯ ಕಡೆ ವಾಪಸ್.

ಕೆಳಗೆ ನೀರು ತನ್ನ ಪಾಡಿಗೆ ಬೀಳುತ್ತಿರುತ್ತದೆ. ನೋಡಲು ಬಂದವರು ಅದಕ್ಕೆ ಬೆನ್ನು ಹಾಕಿ ನಿಂತಿರುತ್ತಾರೆ. ಫೋಟೊ ಚೆನ್ನಾಗಿ ಬರುವುದೇ ಹಾಗೆ. ಬ್ರಿಟಿಷರು ಇಡೀ ಜಲಪಾತಕ್ಕೇ ಜೆಸ್ಸಿ ಎಂಬಾಕೆಯ ಹೆಸರಿಟ್ಟಿದ್ದರು. ನಮ್ಮವರಿಗೆ ಅಷ್ಟು ದುರಾಸೆಯಿಲ್ಲ. ಪ್ರೇಯಸಿಯ ಹೆಸರಿಗೆ ಒಂದು ಮರದ ತೊಗಟೆ, ಒಂದು ಬೈಕಿನ ಕೀ ಸಾಕು.

ಇನ್ನು ಚಿಪ್ಸ್ ಪೊಟ್ಟಣ. ಕಸದ ಬುಟ್ಟಿ ಮೇಲಿದೆ, ಹೊಳೆ ಕಾಲಬುಡದಲ್ಲೇ ಇದೆ. ಖಾಲಿ ಪೊಟ್ಟಣವನ್ನು ಅಷ್ಟು ಮೆಟ್ಟಿಲು ಹೊತ್ತು ಹತ್ತಲು ನಾವೇನು ಕೂಲಿಗೆ ಬಂದವರೇ? ಹೊಳೆಗೆ ಬಿದ್ದ ಪೊಟ್ಟಣಕ್ಕೆ ಮಾತ್ರ ಪ್ರಯಾಣದಲ್ಲಿ ಬೇಸರವಿಲ್ಲ. ಈ ನೀರು ಹೋಗಿ ಸೇರುವುದು ಕಾವೇರಿಯನ್ನು. ಕಾವೇರಿ ಕೆಆರ್‌ಎಸ್ ದಾಟಿ, ತೊರೆಕಾಡನಹಳ್ಳಿಯ ಪಂಪು ಹತ್ತಿ, ಬೆಂಗಳೂರಿನ ನಲ್ಲಿಗೆ ಬರುತ್ತಾಳೆ. ಯಜಮಾನರು ಟೋಲ್ ಕಟ್ಟಿಕೊಂಡು ಹೋಗುವ ದಿಕ್ಕಿಗೇ ಪೊಟ್ಟಣವೂ ಹೊರಟಿತು, ಪುಕ್ಕಟೆಯಾಗಿ.

ದಾರಿಯಲ್ಲೇ ಅವರು ಮೊಬೈಲಿನಲ್ಲಿ ಜಲಪಾತಕ್ಕೆ ಎರಡು ಸ್ಟಾರ್ ಕೊಟ್ಟರು: ಜಾಗ ಸೂಪರ್, ಲಿಫ್ಟ್ ಇಲ್ಲ. ಮನೆ ಮುಟ್ಟಿ ಒಂದು ಲೋಟ ನೀರು ಕುಡಿದವರೇ ಫಿಲ್ಟರ್ ರಿಪೇರಿಯವನಿಗೆ ಫೋನು ಹಚ್ಚಿದರು: "ಏನ್ರೀ, ನೀರು ಯಾಕೋ ಒಂಥರಾ ವಾಸ್ನೆ ಬರ್ತಿದೆಯಲ್ಲ?"