ಏರ್‌ಫೋರ್ಸ್ ಅಂಕಲ್

ಬೆಂಗಳೂರಿನ ಜಾಲಹಳ್ಳಿ, ವಿದ್ಯಾರಣ್ಯಪುರ, ಎಂ.ಎಸ್. ಪಾಳ್ಯದ ಕಡೆ ಮನೆ ಮಾಡಿದವರಿಗೆ ಏರ್‌ಫೋರ್ಸ್ ಅಂಕಲ್ ಯಾರೆಂದು ಪರಿಚಯಿಸಬೇಕಾಗಿಲ್ಲ. ರಸ್ತೆಗೊಬ್ಬರಾದರೂ ಇದ್ದೇ ಇರುತ್ತಾರೆ. ಎಪ್ಪತ್ತರ ಹತ್ತಿರ ಬಂದರೂ ಬಗ್ಗದ ಬೆನ್ನು, ಪ್ಯಾಂಟಿನೊಳಗೆ ಸಿಕ್ಕಿಸಿದ ಟೀ ಷರ್ಟು, ಹೊಳೆಯುವ ಷೂ, ಕೈಯಲ್ಲಿ ಕ್ಯಾಂಟೀನ್ ಚೀಲ. ಚೀಲದಲ್ಲಿ ಸೋಪು, ಟೂತ್‌ಪೇಸ್ಟು ಮೇಲುಗಡೆ, ಬಾಟಲಿ ಕೆಳಗಡೆ. ಆ ಬಾಟಲಿಯ ದೆಸೆಯಿಂದ ಬೀದಿಯಲ್ಲಿ ಅವರಿಗಿರುವ ಸ್ನೇಹಿತರ ಸಂಖ್ಯೆ ತಿಂಗಳ ಮೊದಲ ವಾರ ಏರಿ, ಮೂರನೇ ವಾರದ ಹೊತ್ತಿಗೆ ಸಹಜ ಸ್ಥಿತಿಗೆ ಬರುತ್ತದೆ.

ಹೊಸದಾಗಿ ಪರಿಚಯವಾದವರೆಲ್ಲ ಕೇಳುವುದು ಒಂದೇ: "ಯಾವ ವಿಮಾನ ಓಡಿಸ್ತಿದ್ರಿ ಅಂಕಲ್?" ನಮ್ಮ ಅಪಾರ್ಟ್‌ಮೆಂಟಿನ ಅಂಕಲ್ ಇದಕ್ಕೆ ಕೋಪಿಸಿಕೊಳ್ಳುವುದನ್ನು ಬಿಟ್ಟು ಬಹಳ ಕಾಲವಾಯಿತು. "ಓಡಿಸೋನು ಒಬ್ಬನೇ ಕಣ್ರೀ. ಅವನು ಏಣಿ ಹತ್ತೋಕೆ ಮುಂಚೆ ಏರ್‌ಫ್ರೇಮು, ಎಂಜಿನ್ನು, ಎಲೆಕ್ಟ್ರಿಕಲ್ಲು, ರೇಡಿಯೋ, ಆರ್ಮಮೆಂಟು ಅಂತ ಒಂದೊಂದು ಟ್ರೇಡಿನವನೂ ನೋಡಿ ಸಹಿ ಹಾಕಿರಬೇಕು. ಏರ್‌ಫ್ರೇಮಿನ ಸಹಿ ನಂದು. ಕೊನೇ ಸಹಿ ಅವನದು. ಫೋಟೋನೂ ಅವನದೇ." ಆಮೇಲೆ ಚರಿತ್ರೆ ಬರುತ್ತದೆ. 1933ರಲ್ಲಿ ಕರಾಚಿಯಲ್ಲಿ ವಾಯುಪಡೆಯ ಮೊದಲ ತುಕಡಿ ಶುರುವಾದಾಗ ಇದ್ದದ್ದು 4 ವಾಪಿಟಿ ವಿಮಾನ, 6 ಅಧಿಕಾರಿಗಳು, ‘ಹವಾಯಿ ಸಿಪಾಯಿ’ ಎಂದು ಕರೆಯುತ್ತಿದ್ದ ನೆಲದ ಕೆಲಸದವರು 19. "ಲೆಕ್ಕ ನೀವೇ ಹಾಕ್ಕೊಳಿ." ಹೆಣ್ಣು ನೋಡಲು ಹೋದಾಗ ಹೆಣ್ಣಿನ ಕಡೆಯವರು ಪೈಲಟ್ ಎಂದುಕೊಂಡೇ ಉಪ್ಪಿಟ್ಟಿಗೆ ಗೋಡಂಬಿ ಹಾಕಿದ್ದರಂತೆ. ವಿಷಯ ತಿಳಿದ ಮೇಲೆ ಎರಡನೇ ಸಲ ಬಡಿಸಿದ ಉಪ್ಪಿಟ್ಟಿನಲ್ಲಿ ಗೋಡಂಬಿ ಇರಲಿಲ್ಲವೆಂದು ಆಂಟಿಯ ಎದುರಿಗೇ ಈಗಲೂ ಹೇಳುತ್ತಾರೆ.

ಆ ಸಹಿಗಳ ಪುಸ್ತಕದ ಹೆಸರು ಫಾರ್ಮ್ 700. ಬ್ರಿಟಿಷರಿಂದ ಬಂದದ್ದು, ವಿಮಾನಕ್ಕೊಂದು. ಎಷ್ಟು ಇಂಧನ ತುಂಬಿತು, ಯಾವ ಟೈರು ಬದಲಾಯಿತು, ಹೋದ ಸಲ ಪೈಲಟ್ ಯಾವ ಸ್ನ್ಯಾಗ್ (ದೋಷ) ಬರೆದ, ಸರಿಪಡಿಸಿದವರು ಯಾರು, ಅದನ್ನು ಮತ್ತೆ ನೋಡಿದವರು ಯಾರು, ಎಲ್ಲಕ್ಕೂ ರುಜು. ಇದರಲ್ಲೇ ಬೆಂದು ಬಂದವರಿಗೆ ಸಿವಿಲಿಯನ್‌ಗಳ ಬಾಯಿಮಾತಿನ ಮೇಲೆ ನಂಬಿಕೆ ಹುಟ್ಟುವುದಾದರೂ ಹೇಗೆ?

ಮೂರನೇ ಮಹಡಿಯಲ್ಲಿ ಲಿಫ್ಟು ಕುಲುಕುತ್ತದೆಂದು ಮೆಕ್ಯಾನಿಕ್ ಬಂದ. ಹತ್ತೇ ನಿಮಿಷದಲ್ಲಿ "ಆಯ್ತು ಸಾರ್" ಎಂದು ಕೈ ಒರೆಸಿಕೊಂಡ. ಅಂಕಲ್ ಇನ್ನೂರು ಪುಟದ ನೋಟ್‌ಬುಕ್ಕಿಗೆ ಗೆರೆ ಎಳೆದುಕೊಂಡು ಬಾಗಿಲಲ್ಲೇ ನಿಂತಿದ್ದರು.

"ಏನು ಸ್ನ್ಯಾಗು?"

"ಸ್ವಲ್ಪ ಲೂಸಾಗಿತ್ತು ಸಾರ್."

"ಯಾವುದು? ಸ್ಪ್ಯಾನರ್ ಎಷ್ಟು ಮೇಲಕ್ಕೆ ತಗೊಂಡೋದೆ, ಎಷ್ಟು ವಾಪಸ್ ತಂದೆ? ಬರಿ. ಕೆಳಗೆ ಸೈನ್ ಹಾಕು."

"ನಾನು ಬರೀ ಸರ್ವೀಸ್ ಮಾಡೋನು ಸಾರ್."

"ನಾನೂ ಮೂವತ್ತು ವರ್ಷ ಬರೀ ಸರ್ವೀಸೇ ಮಾಡಿರೋದು. ಹಾಕು."

ಹುಡುಗ ಗೊಣಗುತ್ತ ಸ್ಪ್ಯಾನರ್ ಎಣಿಸಿದ. ಒಂದು ಕಮ್ಮಿ. ಲಿಫ್ಟಿನ ನೆತ್ತಿಯ ಮೇಲೇ ಕೂತಿತ್ತು. ಅಂದಿನಿಂದ ಆ ನೋಟ್‌ಬುಕ್ ಕಂಡರೆ ನಾವು ಯಾರೂ ನಗುವುದಿಲ್ಲ, ಅವರ ಎದುರಿಗೆ.

ಹ್ಯಾಂಗರಿನ ಗೋಡೆಗೆ ಉಪಕರಣಗಳ ಹಲಗೆ ಇರುತ್ತದೆ. ಪ್ರತಿ ಸ್ಪ್ಯಾನರು, ಸ್ಕ್ರೂಡ್ರೈವರಿನ ಆಕಾರವನ್ನು ಅದರ ಮೇಲೆ ಬಣ್ಣದಲ್ಲಿ ಬರೆದಿರುತ್ತಾರೆ. ಕೆಲಸ ಮುಗಿದಾಗ ಒಂದು ಆಕಾರ ಖಾಲಿ ಉಳಿದರೂ ಅದು ಸಿಗುವ ತನಕ ವಿಮಾನ ಹಾರುವ ಹಾಗಿಲ್ಲ. ಈ ಹಲಗೆಯ ತಮ್ಮ ಈಗ ಅಂಕಲ್ ಮನೆಯ ಅಡುಗೆಕೋಣೆಯಲ್ಲಿದ್ದಾನೆ. ಸೌಟು, ಜಾಲರಿ, ಲಟ್ಟಣಿಗೆ, ಇಕ್ಕಳ, ಎಲ್ಲದರ ಸುತ್ತಲೂ ಕೆಂಪು ಗೆರೆ. ಪಕ್ಕದ ಮನೆಯವರು ಲಟ್ಟಣಿಗೆ ಒಯ್ದರೆ ಅದರ ಜಾಗದಲ್ಲಿ ಅವರ ಫ್ಲ್ಯಾಟ್ ನಂಬರಿನ ಬಿಲ್ಲೆ ನೇತಾಡುತ್ತದೆ. "ರಿಟೈರ್ ಆಗಿ ಬಂದ ಹೊಸದರಲ್ಲಿ, ನಾನು ಸೋಫಾ ಮೇಲೆ ಕೂತಿದ್ರೆ ಎಲ್ಲಿ ನನ್ನ ಸುತ್ತಲೂ ಗೆರೆ ಎಳೀತಾರೋ ಅಂತ ಹೆದರ್ಕೊಂಡಿದ್ದೆ" ಎನ್ನುತ್ತಾರೆ ಆಂಟಿ. ಸೋಫಾ ಎಂದರೂ ಅದು ಪೋಸ್ಟಿಂಗಿನ ಪ್ಯಾಕಿಂಗ್ ಪೆಟ್ಟಿಗೆಗಳನ್ನು ಜೋಡಿಸಿ ಹಾಸಿಗೆ ಹೊದಿಸಿದ್ದು. ಹೊದಿಕೆ ಸರಿದರೆ ಜಾಮ್‌ನಗರ, ಪಠಾಣ್‌ಕೋಟ್, ತೇಜ್‌ಪುರ ಎಂಬ ಬಿಳಿ ಅಕ್ಷರ ಇವತ್ತಿಗೂ ಕಾಣುತ್ತದೆ.

ತೇಜ್‌ಪುರದ ಹೆಸರೆತ್ತಿದಿರೋ, ಒಂದು ಗಂಟೆ ಹೋಯಿತು. ಅಲ್ಲಿ ಎಳೆಯ ಪೈಲಟ್‌ಗಳು ಮಿಗ್-21 ಕಲಿಯುತ್ತಿದ್ದರು. ಇಳಿಯುವಾಗಲೇ ಆ ವಿಮಾನಕ್ಕೆ ಗಂಟೆಗೆ 300 ಕಿಲೋಮೀಟರ್ ಆಸುಪಾಸಿನ ವೇಗ. ಬ್ರೇಕಿನ ಜೊತೆಗೆ ಬಾಲದಿಂದ ಪ್ಯಾರಾಚೂಟ್ ಬಿಚ್ಚಿಕೊಂಡು ಹಿಡಿದೆಳೆಯಬೇಕು. ಪೈಲಟ್ ಅದನ್ನು ರನ್‌ವೇ ತುದಿಯಲ್ಲಿ ಕಳಚಿ ಚಹಾ ಕುಡಿಯಲು ಹೋಗುತ್ತಾನೆ. ಅಸ್ಸಾಮಿನ ಮಳೆಯಲ್ಲಿ ತೊಯ್ದು ತೊಪ್ಪೆಯಾದ ಅದನ್ನು ಹೊತ್ತು ತಂದು, ಒಣಗಿಸಿ, ಮಡಿಸಿ, ಮೊಣಕಾಲು ಕೊಟ್ಟು ಅದುಮಿ ತುಂಬುವುದು ನೆಲದವರ ಹಣೆಬರಹ. ಆ ವಿದ್ಯೆ ವ್ಯರ್ಥವಾಗಿಲ್ಲ. ಅಮೆರಿಕಕ್ಕೆ ಹೊರಟವರೆಲ್ಲ ಹಿಂದಿನ ರಾತ್ರಿ ಅಂಕಲ್‌ರನ್ನು ಕರೆಸುತ್ತಾರೆ. 23 ಕಿಲೋದ ಸೂಟ್‌ಕೇಸಿಗೆ ಚಟ್ನಿಪುಡಿ, ಹಪ್ಪಳ, ರೇಷ್ಮೆ ಸೀರೆ, ಐದು ಲೀಟರಿನ ಕುಕ್ಕರು ಇಳಿಸಿ, ಮೊಣಕಾಲೂರಿ ಜಿಪ್ ಎಳೆಯುತ್ತಾರೆ. ನ್ಯೂಜೆರ್ಸಿಯಲ್ಲಿ ಜಿಪ್ ತೆರೆದ ನನ್ನ ತಂಗಿಗೆ ಆ ಸಾಮಾನನ್ನು ವಾಪಸ್ ತುಂಬಲು ಮೂರು ಸೂಟ್‌ಕೇಸ್ ಬೇಕಾಯಿತು.

ಅವರ ಜೊತೆ ವಿಮಾನದಲ್ಲಿ ಹೋಗುವುದು ಮಾತ್ರ ಬೇಡ. ಒಮ್ಮೆ ದೆಹಲಿಗೆ ಹೊರಟಿದ್ದೆವು. ಏರ್‌ಬಸ್ 320 ಇನ್ನೂ ನೆಲದಲ್ಲೇ ಇರುವಾಗ ಕಾಲಡಿಯಿಂದ ನಾಯಿ ಬೊಗಳಿದ ಸದ್ದು. "ಲಗೇಜಲ್ಲಿ ನಾಯಿ ಇಟ್ಟಿದ್ದಾರಾ?" ಎಂದರು ಕಿಟಕಿ ಪಕ್ಕದವರು. ಅಂಕಲ್ ಕಣ್ಣು ಮುಚ್ಚಿಕೊಂಡೇ, "ಅದು ಪವರ್ ಟ್ರಾನ್ಸ್‌ಫರ್ ಯೂನಿಟ್. ಒಂದು ಹೈಡ್ರಾಲಿಕ್ ಸಿಸ್ಟಮ್‌ನಲ್ಲಿ ಪ್ರೆಷರ್ ಕಮ್ಮಿ ಆದ್ರೆ ಇನ್ನೊಂದು ಅದಕ್ಕೆ ಬಲ ಕೊಡುತ್ತೆ. ಬೊಗಳಿದ್ರೆ ಒಳ್ಳೇದೇ" ಎಂದರು. ಆತ ನೆಮ್ಮದಿಯಿಂದ ಒರಗಿಕೊಂಡ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ವಿಮಾನ ಮೇಲೇರಿದ ಮೇಲೆ ಅಂಕಲ್ ಆತನ ಭುಜದ ಮೇಲಿಂದ ಬಗ್ಗಿ ನೋಡಿ, "ರೆಕ್ಕೆಯ ಆ ಪ್ಯಾನೆಲ್ಲಲ್ಲಿ ಒಂದು ಸ್ಕ್ರೂ ಇಲ್ಲ. ಪರವಾಗಿಲ್ಲ, ಲಿಮಿಟ್ಟೊಳಗಿದೆ" ಎಂದರು. ದೆಹಲಿ ಮುಟ್ಟುವ ತನಕ ಆ ಮನುಷ್ಯ ರೆಕ್ಕೆಯಿಂದ ಕಣ್ಣು ಕೀಳಲಿಲ್ಲ.

ಇಷ್ಟು ಮಾತಾಡುವವರು ಒಂದು ವಿಷಯ ಮಾತ್ರ ಎತ್ತುವುದಿಲ್ಲ. ವಿಮಾನ ಬಿದ್ದ ಸುದ್ದಿ ಬಂದರೆ ಮೊದಲು ಮಾಡುವ ಕೆಲಸಗಳಲ್ಲಿ ಅದರ ಫಾರ್ಮ್ 700ನ್ನು ವಶಕ್ಕೆ ತೆಗೆದುಕೊಳ್ಳುವುದೂ ಒಂದು, ಯಾರೂ ತಿದ್ದದಿರಲೆಂದು. ಬೆಳಿಗ್ಗೆ ಅದಕ್ಕೆ ಸಹಿ ಹಾಕಿದವರು ತನಿಖೆ ಮುಗಿಯುವ ತನಕ ತಾವು ಬಿಗಿದ ಒಂದೊಂದು ನಟ್ಟನ್ನೂ ಮನಸ್ಸಿನಲ್ಲೇ ಮತ್ತೆ ಬಿಗಿಯುತ್ತಿರುತ್ತಾರೆ. ಇದನ್ನು ನನಗೆ ಹೇಳಿದ್ದು ಆಂಟಿ. "ಇವರದೇನೂ ತಪ್ಪಿಲ್ಲ ಅಂತ ಬಂತು. ಆದ್ರೂ ಎಷ್ಟೋ ದಿನ ರಾತ್ರಿ ಎದ್ದೆದ್ದು ಗ್ಯಾಸ್ ರೆಗ್ಯುಲೇಟರ್ ನೋಡಿ ಬರೋರು."

2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21ಕ್ಕೆ ವಿದಾಯ. 1963ರಿಂದ ಇದ್ದ ವಿಮಾನ. ಅಂಕಲ್ ಬ್ಲೇಜರ್ ಹಾಕಿ, ಪದಕ ಸಿಕ್ಕಿಸಿ ಟಿವಿ ಮುಂದೆ ಕೂತರು. ನಾವೂ ಕೆಲವರು ಸೇರಿದ್ದೆವು. ಎಲ್ಲ ಚಾನೆಲ್ಲಿನಲ್ಲೂ ಪೈಲಟ್‌ಗಳದೇ ಮಾತು. ಕೊನೆಗೆ ಇಳಿದು ಬಂದ ವಿಮಾನಗಳಿಗೆ ಎರಡೂ ಕಡೆಯಿಂದ ನೀರು ಚಿಮ್ಮಿಸಿ ಗೌರವ ಸಲ್ಲಿಸಿದರು. ಆಂಟಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಂಕಲ್ ಮುಂದಕ್ಕೆ ಬಗ್ಗಿ, "ಆ ನೀರೆಲ್ಲ ಈಗ ಒರೆಸಬೇಕಲ್ಲ, ಪಾಪ ಹುಡುಗರು" ಎಂದರು.

ಈ ವರ್ಷ ಅವರನ್ನೇ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಮಾಡಿದ್ದೇವೆ. ಬೇರೆ ಯಾರೂ ಮುಂದೆ ಬರಲಿಲ್ಲ ಎನ್ನುವುದು ಒಳಗಿನ ಸತ್ಯ. ಮೊದಲ ಆಜ್ಞೆ ಹೊರಟಿದೆ. ಹಾರಾಟಕ್ಕೆ ಮುಂಚೆ ವಾಯುಪಡೆಯವರು ಸಾಲಾಗಿ ನಡೆಯುತ್ತ ನೆಲದ ಮೇಲಿನ ಕಲ್ಲು, ಮೊಳೆ, ಸ್ಕ್ರೂ ಹೆಕ್ಕುತ್ತಾರೆ. ಎಂಜಿನ್ ಅವನ್ನು ಒಳಗೆ ಎಳೆದುಕೊಂಡರೆ ಕೆಟ್ಟಿತು. ಅದೇ ರೀತಿ ಭಾನುವಾರ ಬೆಳಿಗ್ಗೆ ಆರಕ್ಕೆ ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ ಎಲ್ಲ ಫ್ಲ್ಯಾಟಿನವರೂ ಸಾಲಾಗಿ ನಡೆಯಬೇಕು. ಬಂದವರು ಸಹಿ ಹಾಕಬೇಕು. ನಮ್ಮ ಕಾರುಗಳೇನು ಹಾರುತ್ತವೆಯೇ ಎಂದು ವಾಟ್ಸ್ಯಾಪಿನಲ್ಲಿ ಕೇಳಿದವರಿಗೆ ಇನ್ನೂ ಉತ್ತರ ಬಂದಿಲ್ಲ. ನನಗೆ ಮಾತ್ರ ಪ್ರತ್ಯೇಕ ಸಂದೇಶ ಬಂದಿದೆ: "ನಿಮ್ಮ ಸ್ಕೂಟರಿನ ಸ್ಟ್ಯಾಂಡಲ್ಲಿ ಒಂದು ನಟ್ ಇಲ್ಲ. ಭಾನುವಾರ ನಿಮಗೆ ಬಿ ಬ್ಲಾಕ್ ಸೆಕ್ಟರ್ ಕೊಟ್ಟಿದೀನಿ, ಟಾರ್ಚ್ ತನ್ನಿ."