ಗೃಹಸರ್ವರ್-ಕಡತವಿತರಣ ಮೀಮಾಂಸೆ: ಲಕ್ಕಲಕಟ್ಟಿಯನ್ನು ಅನುಲಕ್ಷಿಸಿ

ಪ್ರಸ್ತುತ ಅಧ್ಯಯನದ ಕ್ಷೇತ್ರ ಗಜೇಂದ್ರಗಡ ತಾಲ್ಲೂಕಿನ ಲಕ್ಕಲಕಟ್ಟಿ. ಕಾಲಮಿತಿ, ಕರೆಂಟ್ ಇದ್ದಷ್ಟು ಹೊತ್ತು. ಆಕರ, ನಮ್ಮ ಪಡಸಾಲೆಯ ಮಾಡದಲ್ಲಿ ದೀಪದ ಬುಡ್ಡಿ ಇರುತ್ತಿದ್ದ ಜಾಗದಲ್ಲಿ ಕೂತಿರುವ ಅಂಗೈಯಗಲದ ರಾಸ್ಪ್‌ಬೆರಿ ಪೈ ಮತ್ತು ಅದರ ಬಾಲಕ್ಕೆ ಕಟ್ಟಿದ ಒಂದು ಡಿಸ್ಕು. ವಿದ್ವಾಂಸರು ಇದನ್ನು ‘ಗೃಹಸರ್ವರ್’ ಎನ್ನುತ್ತಾರೆ. ಅವ್ವ ‘ಮಿಣಕ್ ಡಬ್ಬಿ’ ಎನ್ನುತ್ತಾಳೆ. ಅವ್ವನ ಪರಿಭಾಷೆಯೇ ಹೆಚ್ಚು ನಿಖರವೆಂಬುದು ಪ್ರಬಂಧಕಾರನ ವಿನಮ್ರ ಅಭಿಮತ.

ಪ್ರಮೇಯ: ಡಬ್ಬಿಯಲ್ಲಿರುವುದನ್ನು ಕಂಪ್ಯೂಟರ್ ಮುಟ್ಟದ ಬಂಧುಮಿತ್ರರಿಗೆ, ಕಳ್ಳರ ಕೈಗೆ ಸಿಗದಂತೆ ಮುಟ್ಟಿಸುವ ಬಗೆ ಯಾವುದು?

ಪೂರ್ವಪಕ್ಷ. ಕಾನ್ಪುರ ಐಐಟಿಯಲ್ಲಿ ಓದಿದ ಅಭಯ್ ಭೂಷಣ್ 1971ರಲ್ಲಿ ಕಡತ ಸಾಗಿಸುವ ಎಫ್‌ಟಿಪಿ ಸೂತ್ರ ಬರೆದರು. ಅದರಲ್ಲಿ ಪಾಸ್‌ವರ್ಡು ಬರಿಮೈಯಲ್ಲೇ ತಂತಿಯ ಮೇಲೆ ಓಡಾಡುತ್ತದೆ. 1995ರಲ್ಲಿ ಫಿನ್ಲೆಂಡಿನ ಟಾಟು ಯ್ಲೋನೆನ್, ತಮ್ಮ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಪಾಸ್‌ವರ್ಡು ಕದ್ದ ಮೇಲೆ ಎಲ್ಲಕ್ಕೂ ಮುಸುಕು ಹೊದಿಸಿ ಸಾಗಿಸುವ ಎಸ್‌ಎಸ್‌ಎಚ್ ಕಟ್ಟಿದರು. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶ ಬಂದು, ವಿಂಡೋಸಿನ 445ನೇ ಬಾಗಿಲು ತೆರೆದಿಟ್ಟವರ ಮನೆ ಹೊಕ್ಕಿತು. ದೇಸೀ ಪರಂಪರೆಯಲ್ಲಾದರೋ ಮೊಬೈಲ್ ಅಂಗಡಿಯಲ್ಲಿ ಕಾರ್ಡಿಗೆ ಹಾಡು ತುಂಬಿಸುವ ಪದ್ಧತಿಯಿತ್ತು. ಆಮೇಲೆ ಶೇರ್‌ಇಟ್ ಬಂತು, ನೆಟ್ಟಿಲ್ಲದೆಯೂ ಕಟ್ಟೆಯ ಮೇಲೆ ಕೂತು ಬಯಲಾಟ ದಾಟಿಸಬಹುದಿತ್ತು. 2020ರ ಜೂನ್ 29ರಂದು ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಅದೂ ಒಂದು.

ಬಳಕೆದಾರರ ವರ್ಗೀಕರಣ ತ್ರಿವಿಧ. ಅ) ಪೆನ್‌ಡ್ರೈವನಿಷ್ಠರು. ಆ) ವಾಟ್ಸಾಪಾದ್ವೈತಿಗಳು, ಇವರ ದರ್ಶನದಲ್ಲಿ ಇಂಟರ್ನೆಟ್ಟೂ ವಾಟ್ಸಾಪೂ ಬೇರೆಯಲ್ಲ. ಇ) ನಮ್ಮ ಕಾಕಾ. ಒಬ್ಬ ಮನುಷ್ಯನಿಗೆ ಒಂದು ವರ್ಗ ಯಾಕೆ? ವರ್ಗೀಕರಣ ಇಲ್ಲಿಗೆ ಸಾಕು.

ಕಾಕಾ ಗೋವಾದಲ್ಲಿ ಗೌಂಡಿ. ಡಿಸ್ಕಿನಲ್ಲಿರುವುದು ಅಪ್ಪ ಹಾಡಿದ ಕಡೆಯ ಭಜನಿಯ ವಿಡಿಯೋ, ಪಕ್ಕದಲ್ಲಿ ತಾಳ ಹಿಡಿದವನು ಕಾಕಾ. ಇಡೀ ರಾತ್ರಿಯದು, 11 ಜಿಬಿ. ವಾಟ್ಸಾಪಿನಲ್ಲಿ ಹಿಂಡಿ ಕಳಿಸಿದ ತುಣುಕಿನಲ್ಲಿ ಅಪ್ಪನಿಗೆ ಮುಖವೇ ಇರಲಿಲ್ಲ.

ನಮ್ಮ ಪೈಕಿಯ ಒಬ್ಬ ಪರಿಣತರು ಬೆಂಗಳೂರಿನಿಂದ ಫೋನಿನಲ್ಲೇ ಕಾಕಾನಿಗೆ ಉಪದೇಶಿಸಿದರು: “ಭಾಳ ಈಸಿ ರೀ. ಎರಡು ಕೀ ಜನರೇಟ್ ಮಾಡ್ರಿ, ಪಬ್ಲಿಕ್ ಕೀ ನಮಗ ಕಳಸ್ರಿ.”

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: “ಮನಿ ನಿಮ್ದು. ಕೀಲಿಕೈ ನಾ ಯಾಕ ಮಾಡಿಸ್ಬೇಕೋ ತಮ್ಮಾ?”

ಪರಿಣತರು ನಕ್ಕರು. ಬಳಕೆದಾರನ ಅಜ್ಞಾನವೇ ಸುರಕ್ಷತೆಯ ಮೊದಲ ಶತ್ರು ಎಂದರು. ನಲವತ್ತು ವರ್ಷ ಊರವರ ಮನೆಗಳಿಗೆ ಚೌಕಟ್ಟು ಕೂರಿಸಿದವನಿಗೆ ಬಾಗಿಲು ಗೊತ್ತಿಲ್ಲವೇನ್ರಿ? ಅವನು ಕೇಳಿದ್ದರಲ್ಲಿ ತಪ್ಪೇನಿತ್ತು? ಉತ್ತರ ನಮ್ಮಲ್ಲಿ ಇರಲಿಲ್ಲ, ಅದಕ್ಕೇ ನಕ್ಕೆವು. ಹೌದು, ನಾನೂ ನಕ್ಕಿದ್ದೆ. ಎಂಟು ತಿಂಗಳು ಪೋರ್ಟು, ಫೈರ್‌ವಾಲು, ವಯರ್‌ಗಾರ್ಡು ಅಂತ ಚರ್ಚಾಗೋಷ್ಠಿ ನಡೆಸಿದ್ದೂ ನಾನೇ.

ಇನ್ನೊಂದು ತೊಡಕಿತ್ತು. ನೆಟ್ ಕೊಟ್ಟ ಕಂಪನಿ ನಮ್ಮ ಮನೆಗೆ ಕೊಟ್ಟ ವಿಳಾಸ 100.64ರಿಂದ ಶುರುವಾಗುತ್ತದೆ. ಅಂದರೆ ಇಡೀ ಓಣಿಗೆ ಒಂದೇ ಮನೆ ನಂಬರು: ಒಳಗಿನವರು ಹೊರಗೆ ಹೋಗಬಹುದು, ಹೊರಗಿನವರು ಬಂದು ಬಾಗಿಲು ಬಡಿಯುವಂತಿಲ್ಲ. ಹಾಗಾಗಿ ಡಬ್ಬಿಯೇ ಒಳಗಿನಿಂದ ಒಂದು ಸುರಂಗ ತೋಡಿಕೊಂಡು ಹೊರಗೆ ಹೋಗಬೇಕು.

ಸಿದ್ಧಾಂತಪಕ್ಷ, ಕೊನೆಗೂ: ಡಬ್ಬಿಯೊಳಗೇ ಕೂರುವ ನೆಕ್ಸ್ಟ್‌ಕ್ಲೌಡ್, ಬೀಗವಿರುವ ಎಚ್‌ಟಿಟಿಪಿಎಸ್, ಅದರ ಒಂದು ಲಿಂಕು. ಆ ಲಿಂಕು ಭಜನಿಯ ಒಂದು ಫೋಲ್ಡರಿಗಷ್ಟೇ. ನೋಡಬಹುದು, ಇಳಿಸಿಕೊಳ್ಳಬಹುದು, ಅಳಿಸುವಂತಿಲ್ಲ. ಮೂವತ್ತು ದಿನಕ್ಕೆ ತಾನೇ ಮುಚ್ಚಿಕೊಳ್ಳುತ್ತದೆ. ಪಾಸ್‌ವರ್ಡು ಫೋನಿನಲ್ಲಿ ಬಾಯಿಂದ ಹೇಳಿದೆ. ಕಾಕಾ ಖಾತೆ ತೆರೆಯಲಿಲ್ಲ, ಆ್ಯಪ್ ಹಾಕಲಿಲ್ಲ, ಕೀಲಿಕೈ ಮಾಡಿಸಲಿಲ್ಲ. ಸುರಂಗ ಸಿದ್ಧವಾದ ಮೇಲೆ ಇದಕ್ಕೆ ಹಿಡಿದದ್ದು ಇಪ್ಪತ್ತು ನಿಮಿಷ.

ರಾತ್ರಿ ಒಂಬತ್ತಕ್ಕೆ ಫೋನ್ ಬಂತು. “ತಮ್ಮಾ, ನಿಮ್ಮಪ್ಪ ಹಾಡಾಕತ್ತಾನ.” ಹಿಂದೆ ತಾಳ ಕೇಳುತ್ತಿತ್ತು. ಆಮೇಲೆ ಕೇಳಲಿಲ್ಲ.

“ನಿಂತ್ತಲ್ಲೋ.”

ಮಾಡದಲ್ಲಿ ಮಿಣಕಿಲ್ಲ. ಕರೆಂಟ್ ಹೋಗಿತ್ತು. ಹೊರಗೆ ಬಂದು ನೋಡಿದರೆ ಗಜೇಂದ್ರಗಡದ ಕಡೆ ಗುಡ್ಡದ ಮೇಲೆ ಗಾಳಿಫ್ಯಾನುಗಳ ಕೆಂಪು ದೀಪಗಳು ಉರಿಯುತ್ತಿದ್ದವು.

“ಕರೆಂಟ್ ಬರೂತನಾ ತಡಿಬೇಕು ಕಾಕಾ.”

“ತಡಿತೀನಿ ತಗೋ,” ಎಂದ. ಫೋನ್ ಇಡಲಿಲ್ಲ.